ಕರೆಂಟು ಹೋಗಿ ಬಂದರೂ ಟರ್ಮಿನಲ್ ಪರದೆ ಇದ್ದಂತೆಯೇ ಮರಳಬೇಕು: ಯಾವ ಫೈಲ್ ಫಾರ್ಮ್ಯಾಟ್ ಬಳಸಲಿ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಚಿತ್ರದುರ್ಗದಲ್ಲಿ ತಂದೆಯವರ ಅಂಗಡಿಗೆಂದು ಸಿ ಭಾಷೆಯಲ್ಲಿ, ಎನ್‌ಕರ್ಸಸ್ (ಪಠ್ಯದ ಪರದೆ ಬಿಡಿಸಿಕೊಡುವ ಕರ್ಸಸ್ ಲೈಬ್ರರಿಯ ಒಂದು ರೂಪ) ಬಳಸಿ ಬಿಲ್ಲಿನ ಪ್ರೋಗ್ರಾಂ ಬರೆದಿದ್ದೀರಿ. ಅರ್ಧ ಬಿಲ್ಲು ತುಂಬಿರುವಾಗ ಕರೆಂಟು ಹೋದರೆ ಅವರು ಮತ್ತೆ ಮೊದಲಿನಿಂದ ತುಂಬಬೇಕು. ಅದಕ್ಕೆ ಪರದೆಯನ್ನೇ ಆಗಾಗ ಫೈಲಿಗೆ ಇಳಿಸಿಟ್ಟುಕೊಂಡು, ಕರೆಂಟು ಬಂದ ಮೇಲೆ ಎತ್ತಿ ಕೂರಿಸುವ ಯೋಚನೆ ನಿಮ್ಮದು. ಇದಕ್ಕೊಂದು ಎಲ್ಲರೂ ಒಪ್ಪಿದ ಫಾರ್ಮ್ಯಾಟ್ ಇದೆಯೇ, ಅದರಲ್ಲಿ ಕನ್ನಡದ ಹೆಸರುಗಳು ಉಳಿಯುತ್ತವೆಯೇ ಎಂದು ಕೇಳಿದ್ದೀರಿ.

ಫಾರ್ಮ್ಯಾಟುಗಳಿಗೆ ಬರವಿಲ್ಲ. ಆದರೆ ಇದೇ ಯೋಚನೆ ಮಾಡಿ ನಾನು ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ, ಅದನ್ನು ಮೊದಲು ಹೇಳಿಬಿಡುತ್ತೇನೆ.

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ದಾವಣಗೆರೆಯ ಎಪಿಎಂಸಿ ಪ್ರಾಂಗಣದ ಒಂದು ಮೆಕ್ಕೆಜೋಳದ ಮಂಡಿಯ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಕಪ್ಪು ಪರದೆಯ ಮೇಲೆ ಓಡುವ ಲೆಕ್ಕದ ಪ್ರೋಗ್ರಾಂ ನಾನೇ ಬರೆದದ್ದು. ಯುಪಿಎಸ್ ಬ್ಯಾಟರಿ ಸತ್ತು ತಿಂಗಳಾಗಿತ್ತು, ಹೊಸದಕ್ಕೆ ಮಾಲೀಕರ ಕೈ ಏಳುತ್ತಿರಲಿಲ್ಲ. ಕರ್ಸಸ್ ಲೈಬ್ರರಿಯಲ್ಲಿ ಪರದೆಯನ್ನು ಫೈಲಿಗೆ ಸುರಿಯುವ ‘ಎಸ್‌ಸಿಆರ್ ಡಂಪ್’, ಅದನ್ನು ಮರಳಿ ತರುವ ‘ಎಸ್‌ಸಿಆರ್ ರಿಸ್ಟೋರ್’ ಎಂಬ ಜೋಡಿ ಫಂಕ್ಷನ್‌ಗಳಿವೆ. ನಿಮಿಷಕ್ಕೊಮ್ಮೆ ಡಂಪ್ ಮಾಡುವಂತೆ ಬರೆದೆ. ಮರುದಿನವೇ ಪರೀಕ್ಷೆ ಬಂತು. ಕರೆಂಟು ಹೋಯಿತು, ಬಂತು, ಪ್ರೋಗ್ರಾಂ ಎದ್ದಿತು. ಪರದೆಯ ಮೇಲೆ ರೈತರ ಹೆಸರು, ಊರು, 42 ಚೀಲ, ತೂಕ, ದರ ಎಲ್ಲವೂ ಎಲ್ಲಿತ್ತೋ ಅಲ್ಲೇ. ಗುಮಾಸ್ತರು ಖುಷಿಯಾಗಿ ಮಂಡಕ್ಕಿ ಮಿರ್ಚಿ ತರಿಸಿದರು. ಅದು ಬರುವ ಮೊದಲೇ ಅವರು ಮುದ್ರಣದ ಕೀಲಿ ಒತ್ತಿದರು. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಕಿರ್ರೆಂದು ಒಂದು ಚೀಟಿ ಹೊರಹಾಕಿತು: ಹೆಸರಿನ ಜಾಗ ಖಾಲಿ, ಚೀಲ 0, ಮೊತ್ತ 0. ಕಟ್ಟೆಯ ಮೇಲೆ ಕುಳಿತಿದ್ದ ರೈತರು ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, ನನ್ನ 42 ಚೀಲವನ್ನು ಕರೆಂಟು ನುಂಗಿತೇ ಎಂದು ಕೇಳಿದರು.

ಪರದೆ ಮರಳಿತ್ತು, ಲೆಕ್ಕ ಮರಳಿರಲಿಲ್ಲ. ಡಂಪ್ ಫೈಲಿನಲ್ಲಿ ಇದ್ದದ್ದು ಪರದೆಯ ಯಾವ ಮನೆಯಲ್ಲಿ, ಅಂದರೆ ಯಾವ ಚೌಕದಲ್ಲಿ, ಯಾವ ಅಕ್ಷರ ಎಂಬುದಷ್ಟೇ. ‘4’ ಮತ್ತು ‘2’ ಎಂಬ ಎರಡು ಚಿತ್ರಗಳು ಚೀಲದ ಸಂಖ್ಯೆ ಎಂಬುದು ಅದಕ್ಕೆ ತಿಳಿಯದು. ಪ್ರೋಗ್ರಾಮಿನ ವೇರಿಯೆಬಲ್‌ಗಳು ಹೊಸದಾಗಿ, ಸೊನ್ನೆಯಾಗಿ ಹುಟ್ಟಿದ್ದವು.

ಆದ್ದರಿಂದ ನಿಮ್ಮ ಅಂಗಡಿಗೆ ನನ್ನ ಸಲಹೆ: ಬಿಲ್ಲಿನ ವಿವರಗಳನ್ನು ನಿಮ್ಮದೇ ಒಂದು ಸಾದಾ ಪಠ್ಯ ಫೈಲಿಗೆ ಬರೆಯಿರಿ, ಗ್ರಾಹಕರ ಹೆಸರು ಒಂದು ಸಾಲು, ಪ್ರತಿ ಐಟಂ ಒಂದು ಸಾಲು, ಕರ್ಸರ್ ಯಾವ ಕಾಲಂನಲ್ಲಿತ್ತು ಎಂಬುದಕ್ಕೆ ಇನ್ನೊಂದು. ಪ್ರೋಗ್ರಾಂ ಎದ್ದಾಗ ಅದನ್ನು ಓದಿ ಪರದೆಯನ್ನು ಹೊಸದಾಗಿ ಬಿಡಿಸಲಿ. ಇರುವ ಫೈಲಿನ ಮೇಲೆಯೇ ಬರೆಯಬೇಡಿ. ಬರೆಯುವ ನಡುವೆಯೇ ಕರೆಂಟು ಹೋದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಬೇರೆ ಹೆಸರಿನಲ್ಲಿ ಬರೆದು, ‘ಎಫ್‌ಸಿಂಕ್’ ಕರೆದು ಡಿಸ್ಕಿಗೆ ಇಳಿಸಿ, ಆಮೇಲೆ ಹಳೆಯ ಹೆಸರಿಗೆ ‘ರಿನೇಮ್’ ಮಾಡಿ. ನಿಮ್ಮ ಕೆಲಸಕ್ಕೆ ಇಷ್ಟು ಸಾಕು.

ಆದರೆ ನೀವು ಕೇಳಿದ್ದು ಫಾರ್ಮ್ಯಾಟುಗಳ ಬಗ್ಗೆ. ಆ ವಿಷಯ ನನಗೂ ಇಷ್ಟ, ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಪಠ್ಯದ ಪರದೆಯನ್ನು ಚೌಕಾಬಾರದ ಹಾಸಿನಂತೆ ನೋಡಿ. 80 ಕಾಲಂ, 25 ಸಾಲು, ಒಟ್ಟು 2000 ಮನೆ. ವಿಂಡೋಸ್‌ಗೂ ಮೊದಲಿನ ಡಾಸ್ ಕಾಲದ ಬಣ್ಣದ ಪರದೆಯಲ್ಲಿ ಪ್ರತಿ ಮನೆಗೆ ಎರಡು ಬೈಟ್: ಒಂದು ಅಕ್ಷರಕ್ಕೆ, ಒಂದು ಬಣ್ಣಕ್ಕೆ. ಬಣ್ಣದ ಬೈಟಿನ ಕೆಳಗಿನ ನಾಲ್ಕು ಬಿಟ್ ಅಕ್ಷರದ ಬಣ್ಣ, ಮೇಲಿನ ಮೂರು ಹಿನ್ನೆಲೆಯ ಬಣ್ಣ, ಉಳಿದ ಒಂದು ಮಿನುಗುವುದಕ್ಕೆ. 7 ಎಂದರೆ ಕಪ್ಪಿನ ಮೇಲೆ ಬೂದು, 31 ಎಂದರೆ ನೀಲಿಯ ಮೇಲೆ ಹೊಳಪಿನ ಬಿಳಿ. ಇಡೀ ಪರದೆ 4000 ಬೈಟ್. ಅದು ಮೆಮೊರಿಯಲ್ಲಿ ಬಿ800 ಎಂಬ ವಿಳಾಸದಿಂದ ಸಾಲಾಗಿ ಕುಳಿತಿರುತ್ತಿತ್ತು. ನಾನು ಕಲಿಯುವಾಗ ಜಿಡಬ್ಲ್ಯು ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ‘ಬಿಸೇವ್’ ಆಜ್ಞೆಯಿಂದ ಆ 4000 ಬೈಟನ್ನು ಫ್ಲಾಪಿಗೆ ಇಳಿಸಿ, ಪರದೆ ಅಳಿಸಿ, ‘ಬಿಲೋಡ್’ ಎಂದೊಡನೆ ಕಣ್ಣೆವೆ ಇಕ್ಕುವಷ್ಟರಲ್ಲಿ ಎಲ್ಲವೂ ಮರಳುವುದನ್ನು ನೋಡಿ ಬೆರಗಾಗಿದ್ದೆ. ಆ ಫೈಲಿನ ತಲೆಯಲ್ಲಿ ಏಳೇ ಬೈಟ್: ಗುರುತಿಗೆ 253, ಆಮೇಲೆ ಎಲ್ಲಿಂದ ತೆಗೆದದ್ದು, ಎಷ್ಟು ಉದ್ದ ಎಂಬ ವಿವರ. ಅದಕ್ಕಿಂತ ಸರಳವಾದ ಪರದೆ ಫಾರ್ಮ್ಯಾಟನ್ನು ನಾನು ಇನ್ನೂ ಕಂಡಿಲ್ಲ.

ಸರಳತೆಗೂ ಒಂದು ಬೆಲೆಯಿದೆ. ತಲೆಬರಹವಿಲ್ಲದೆ ಬರೀ ಮನೆಗಳನ್ನು ಸುರಿದ ಫೈಲಿಗೆ ತನ್ನ ಅಗಲ ತನಗೇ ಗೊತ್ತಿರುವುದಿಲ್ಲ. 2000 ಮನೆ ಎಂದರೆ 80ರ 25 ಸಾಲೂ ಆಗಬಹುದು, 40ರ 50 ಸಾಲೂ ಆಗಬಹುದು, 100ರ 20 ಸಾಲೂ ಆಗಬಹುದು. ತಪ್ಪು ಅಗಲದಲ್ಲಿ ತೆರೆದರೆ ನೆಟ್ಟಗಿದ್ದ ಗೆರೆಗಳೆಲ್ಲ ಚೂರುಚೂರಾಗುತ್ತವೆ. ಅಕ್ಷರಗಳಿಂದ ಚಿತ್ರ ಬಿಡಿಸುತ್ತಿದ್ದ ಕಲಾವಿದರು ಈ ಗೋಳನ್ನು ಚೆನ್ನಾಗಿ ಬಲ್ಲವರು. ಅವರಲ್ಲಿ ಫೈಲಿನ ಬಾಲಕ್ಕೆ 128 ಬೈಟಿನ ‘ಸಾಸ್’ ಎಂಬ ಮಾಹಿತಿಪಟ್ಟಿ ಅಂಟಿಸುವ ರೂಢಿ ಬಂತು. 1996ರಲ್ಲಿ ಬಂದ ‘ಎಕ್ಸ್‌ಬಿನ್’ ಫಾರ್ಮ್ಯಾಟ್ 11 ಬೈಟಿನ ತಲೆಬರಹದಲ್ಲಿಯೇ ಅಗಲ, ಎತ್ತರ, ಫಾಂಟಿನ ಎತ್ತರ ಎಲ್ಲವನ್ನೂ ಇಟ್ಟಿತು, ಬೇಕಾದರೆ ಬಣ್ಣಗಳ ಪಟ್ಟಿ ಮತ್ತು ಫಾಂಟನ್ನೂ ಜೊತೆಗೆ ಒಯ್ಯಿತು. ಅದರಲ್ಲೊಂದು ಜಾಣತನವಿದೆ: ಹೆಸರಿನ ನಾಲ್ಕು ಅಕ್ಷರಗಳಾದ ಮೇಲೆ 26 ಎಂಬ ಬೈಟ್. ಡಾಸ್‌ನ ‘ಟೈಪ್’ ಆಜ್ಞೆ 26 ಕಂಡರೆ ಫೈಲು ಮುಗಿಯಿತೆಂದು ನಿಲ್ಲುತ್ತದೆ, ಹಾಗಾಗಿ ಯಾರಾದರೂ ಅರಿಯದೆ ತೆರೆದರೂ ಪರದೆಯ ತುಂಬ ಕಸ ಬೀಳುವುದಿಲ್ಲ.

ಲಿನಕ್ಸ್‌ನಲ್ಲಿಯೂ ಇದೇ ವಂಶದ್ದೊಂದಿದೆ. ಡೆವ್ ಫೋಲ್ಡರಿನಲ್ಲಿ ‘ವಿಸಿಎಸ್‌ಎ’ ಎಂಬ ಹೆಸರಿನ ಸಾಧನ ಫೈಲುಗಳು ಕನ್ಸೋಲ್ ಪರದೆಗೆ ಬಾಗಿಲಿದ್ದಂತೆ. ಮೊದಲ ನಾಲ್ಕು ಬೈಟ್: ಸಾಲು, ಕಾಲಂ, ಕರ್ಸರಿನ ಅಡ್ಡ ಸ್ಥಾನ, ಕರ್ಸರಿನ ಉದ್ದ ಸ್ಥಾನ. ಆಮೇಲೆ ಅಕ್ಷರ, ಬಣ್ಣ, ಅಕ್ಷರ, ಬಣ್ಣ. ಓದಿಟ್ಟುಕೊಂಡದ್ದನ್ನು ಅದಕ್ಕೇ ಮರಳಿ ಬರೆದರೆ ಪರದೆ ಮರಳುತ್ತದೆ. ಆದರೆ ಇದು ಲಿನಕ್ಸಿನ ಬರಿಯ ಕನ್ಸೋಲಿಗೆ ಮಾತ್ರ, ಕಿಟಕಿಯೊಳಗಿನ ಟರ್ಮಿನಲ್‌ಗಲ್ಲ. ಆ ಕನ್ಸೋಲಿನ ಫಾಂಟಿನಲ್ಲಿ ಹೆಚ್ಚೆಂದರೆ 512 ಅಕ್ಷರರೂಪ ಹಿಡಿಯುತ್ತವೆ, ಒತ್ತಕ್ಷರ ಕೂಡಿಸುವ ವ್ಯವಸ್ಥೆಯೇ ಇಲ್ಲ. ಕನ್ನಡ ಬೇಕೆಂದರೆ ಆ ದಾರಿ ಮುಚ್ಚಿದಂತೆಯೇ.

ಮನೆಗಳನ್ನು ಎಣಿಸಿಡುವುದು ಒಂದು ವಂಶವಾದರೆ, ಪರದೆಗೆ ಕಳಿಸಿದ ಬೈಟುಗಳನ್ನೇ ಬರೆದಿಡುವುದು ಇನ್ನೊಂದು. ಕೆಂಪು ಬೇಕೆಂದರೆ 27 ಎಂಬ ಎಸ್ಕೇಪ್ ಬೈಟ್, ಒಂದು ಚೌಕ ಆವರಣ, 31, ಎಂ. 1978ರ ವಿಟಿ100 ಟರ್ಮಿನಲ್ ಜನಪ್ರಿಯಗೊಳಿಸಿದ ಈ ಎಸ್ಕೇಪ್ ಭಾಷೆಯನ್ನು ಇಂದಿನ ಬಹುತೇಕ ಎಲ್ಲ ಟರ್ಮಿನಲ್‌ಗಳೂ ಅರಿಯುತ್ತವೆ. ‘ಸ್ಕ್ರಿಪ್ಟ್’ ಆಜ್ಞೆ ಎಲ್ಲವನ್ನೂ ಹೀಗೆಯೇ ದಾಖಲಿಸುತ್ತದೆ. ಟರ್ಮಿನಲ್ ಕೆಲಸವನ್ನು ಸಿನಿಮಾದಂತೆ ದಾಖಲಿಸಿ ತೋರಿಸುವ ಆಸ್ಕಿನೆಮಾದ ಎರಡನೆಯ ಆವೃತ್ತಿಯ ಫಾರ್ಮ್ಯಾಟಿನಲ್ಲಿ ಮೊದಲ ಸಾಲು ಅಗಲ ಮತ್ತು ಎತ್ತರ ಹೇಳುತ್ತದೆ, ನಂತರದ ಪ್ರತಿ ಸಾಲಿನಲ್ಲಿ ಸಮಯ ಮತ್ತು ಆ ಹೊತ್ತಿಗೆ ಬಂದ ಪಠ್ಯ. ಯಾರಿಗಾದರೂ ಕಲಿಸಲು ಇದು ಬಹಳ ಚೆಂದ. ಆದರೆ ಸಂಜೆಯ ಪರದೆ ಬೇಕೆಂದರೆ ಬೆಳಗಿನಿಂದ ಎಲ್ಲವನ್ನೂ ಮತ್ತೆ ಓಡಿಸಬೇಕು. ಜೊತೆಗೆ ಪರದೆಯ ಮೇಲೆ ಹಾದುಹೋದ ಪ್ರತಿ ಖಾತೆ ಸಂಖ್ಯೆಯೂ ಅದರಲ್ಲಿ ಉಳಿದಿರುತ್ತದೆ, ಯಾರಿಗೂ ಕಳಿಸುವ ಮೊದಲು ನೋಡಿಕೊಳ್ಳಿ.

ಎರಡಕ್ಕೂ ನಡುವಿನದು, ಒಂದೇ ಟರ್ಮಿನಲ್‌ನಲ್ಲಿ ಹಲವು ಪರದೆ ನಡೆಸುವ ಟಿಮಕ್ಸ್‌ನ ‘ಕ್ಯಾಪ್ಚರ್ ಪೇನ್’. ಅದಕ್ಕೆ ‘ಇ’ ಆಯ್ಕೆ ಕೊಟ್ಟರೆ ಈ ಕ್ಷಣದ ಪರದೆಯನ್ನು ಬಣ್ಣದ ಎಸ್ಕೇಪ್ ಸಂಕೇತಗಳ ಸಮೇತ ಪಠ್ಯವಾಗಿ ಕೊಡುತ್ತದೆ, ಕೊಡದಿದ್ದರೆ ಬರೀ ಅಕ್ಷರ. ಪರದೆಯ ಚಿತ್ರವಷ್ಟೇ ಬೇಕಾದಾಗ ನಾನು ಬಳಸುವುದು ಇದನ್ನೇ. ಫೈಲನ್ನು ಪರದೆಗೆ ಸುರಿಯುವ ‘ಕ್ಯಾಟ್’ ಆಜ್ಞೆ ಕೊಟ್ಟರೆ ಚಿತ್ರ ಎದುರಿಗೆ. ಒಂದೇ ಕಿರಿಕಿರಿ: ಕೊನೆಯ ಸಾಲಿನ ನಂತರವೂ ಸಾಲುಮುರಿತ ಇರುವುದರಿಂದ ಪರದೆ ಒಂದು ಸಾಲು ಮೇಲೆ ಸರಿದು, ತಲೆಯ ಸಾಲು ಕಾಣೆಯಾಗುತ್ತದೆ. ಕರ್ಸರಿನ ಸ್ಥಾನವೂ ಇದರಲ್ಲಿ ಇರುವುದಿಲ್ಲ.

ಈಗ ಎಸ್‌ಸಿಆರ್ ಡಂಪ್ ವಿಷಯ, ಏಕೆಂದರೆ ಎನ್‌ಕರ್ಸಸ್ ಬಳಸುವ ನಿಮ್ಮ ಕೈ ಮೊದಲು ಅಲ್ಲಿಗೇ ಹೋಗುತ್ತದೆ. ಹಳೆಯ ಎನ್‌ಕರ್ಸಸ್ ತನ್ನ ಮೆಮೊರಿಯಲ್ಲಿದ್ದ ಕಿಟಕಿಯ ರಚನೆಯನ್ನು ಹಾಗೆಹಾಗೆಯೇ ಡಿಸ್ಕಿಗೆ ಸುರಿಯುತ್ತಿತ್ತು. ಆ ರಚನೆಯೊಳಗೆ ಮೆಮೊರಿ ವಿಳಾಸಗಳೂ ಇರುತ್ತವೆ, 32 ಬಿಟ್ ಯಂತ್ರದಲ್ಲಿ ಅವು ನಾಲ್ಕು ಬೈಟ್, 64 ಬಿಟ್‌ನಲ್ಲಿ ಎಂಟು. ಒಂದರ ಡಂಪ್ ಇನ್ನೊಂದಕ್ಕೆ ಆಗದು. ಮಂಡಿಯ ಯಂತ್ರ ಬದಲಿಸಿದಾಗ ನಾನು ಜೋಪಾನವಾಗಿ ಹೊತ್ತೊಯ್ದ ಡಂಪ್ ಫೈಲುಗಳಲ್ಲಿ ಒಂದೂ ತೆರೆಯಲಿಲ್ಲ. 2015ರಲ್ಲಿ ಬಂದ ಎನ್‌ಕರ್ಸಸ್ 6ರಲ್ಲಿ ಈ ಫಾರ್ಮ್ಯಾಟನ್ನೇ ಬದಲಿಸಿದರು. ಹದಿನಾರರ ಲೆಕ್ಕದ 88 ಎಂಬ ಬೈಟನ್ನು ನಾಲ್ಕು ಬಾರಿ ಬರೆದು ಗುರುತು, ಅಲ್ಲಿಂದ ಮುಂದೆ ಓದಬಹುದಾದ ಪಠ್ಯ. ಎಡಿಟರಿನಲ್ಲಿ ತೆರೆದರೆ ಯಾವ ಸಾಲಿನಲ್ಲಿ ಏನಿದೆ ಎಂದು ಕಣ್ಣಿಗೆ ಕಾಣುತ್ತದೆ. ಒಳ್ಳೆಯ ಬದಲಾವಣೆ.

ಆದರೂ ಎರಡು ಕಡೆ ಎಡವುತ್ತೀರಿ. ರಿಸ್ಟೋರ್ ಕರೆದೊಡನೆ ಏನೂ ಕಾಣುವುದಿಲ್ಲ, ಅದರ ನಂತರ ‘ಡು ಅಪ್‌ಡೇಟ್’ ಕರೆಯಬೇಕು. ಇನ್ನು ಡಂಪಿನಲ್ಲಿ ಇರುವುದು ಬಣ್ಣದ ಜೋಡಿಯ ಸಂಖ್ಯೆ ಮಾತ್ರ. 3ನೆಯ ಜೋಡಿ ಎಂದರೆ ಹಸಿರೋ ಹಳದಿಯೋ ಎಂಬುದನ್ನು ನಿಮ್ಮ ಪ್ರೋಗ್ರಾಂ ಪ್ರತಿ ಸಲ ಅದೇ ಕ್ರಮದಲ್ಲಿ ಹೇಳಿಕೊಡಬೇಕು. ನಡುವೆ ಹೊಸ ಬಣ್ಣ ಸೇರಿಸಿದಿರೋ, ಹಳೆಯ ಡಂಪಿನಲ್ಲಿ ಬಾಕಿ ಇರುವವರ ಕೆಂಪು ಹೆಸರುಗಳು ಹಸಿರಾಗಿ ಕುಳಿತಿರುತ್ತವೆ.

ಕನ್ನಡದ ಹೆಸರುಗಳಿಗೆ ಬರೋಣ. ಯೂನಿಕೋಡ್ ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್ 8ರಲ್ಲಿ ಬರೆದರೆ ಅಕ್ಷರಗಳು ಉಳಿಯುತ್ತವೆ, ಅದರಲ್ಲಿ ಅನುಮಾನ ಬೇಡ. ತೊಂದರೆ ಇರುವುದು ಮನೆಗಳ ಲೆಕ್ಕದಲ್ಲಿ. ‘ಲಕ್ಷ್ಮಿ’ ನಮ್ಮ ಕಣ್ಣಿಗೆ ಎರಡಕ್ಷರ. ಯೂನಿಕೋಡಿಗೆ ಏಳು ಸಂಕೇತ: ಲ, ಕ, ವಿರಾಮ (ವ್ಯಂಜನದ ಸ್ವರ ತೆಗೆಯುವ ಚಿಹ್ನೆ), ಷ, ವಿರಾಮ, ಮ, ಇಕಾರ. ಫೈಲಿನಲ್ಲಿ 21 ಬೈಟ್. ಕರ್ಸಸ್ ವಿರಾಮಕ್ಕೂ ಇಕಾರಕ್ಕೂ ಮನೆ ಕೊಡದೆ ನಾಲ್ಕು ವ್ಯಂಜನಕ್ಕೆ ನಾಲ್ಕು ಮನೆ ಎಣಿಸುತ್ತದೆ. ಆದರೆ ಟರ್ಮಿನಲ್ ಒತ್ತಕ್ಷರ ಕೂಡಿಸಿ ಎರಡೂವರೆ ಮನೆಯಷ್ಟರಲ್ಲಿ ಬಿಡಿಸಿಬಿಟ್ಟರೆ? ಆ ಸಾಲಿನ ಬಲಗಡೆಯ ಗೆರೆ ಒಳಕ್ಕೆ ಜಾರುತ್ತದೆ. ಇದರಲ್ಲಿ ಒಂದು ಟರ್ಮಿನಲ್ ಮಾಡಿದಂತೆ ಇನ್ನೊಂದು ಮಾಡುವುದಿಲ್ಲ, ಯಾವ ಫೈಲ್ ಫಾರ್ಮ್ಯಾಟೂ ಇದನ್ನು ಸರಿಪಡಿಸಲಾರದು. ನಾನು ಮಾಡುವುದು ಇಷ್ಟೇ: ಕನ್ನಡದ ಹೆಸರನ್ನು ಸಾಲಿನ ಕೊನೆಯ ಕಾಲಂಗೆ ಹಾಕಿ ಅದರ ಬಲಕ್ಕೆ ಗೆರೆ ಎಳೆಯುವುದಿಲ್ಲ. ಅಂಕಿಗಳೆಲ್ಲ ಎಡಕ್ಕೆ. ನೋಡಲು ಮೊದಮೊದಲು ತಿರುಗುಮುರುಗು ಅನಿಸುತ್ತದೆ, ವಾರದಲ್ಲಿ ರೂಢಿಯಾಗುತ್ತದೆ.

ಇಷ್ಟೆಲ್ಲ ಕೇಳಿಯೂ ಬಿಲ್ಲಿನ ಫೈಲಿನ ಜೊತೆಗೆ ಪರದೆಯ ಚಿತ್ರವೂ ಬೇಕು ಎನ್ನುವುದಾದರೆ, ಎಸ್ಕೇಪ್ ಸಂಕೇತಗಳಿರುವ ಪಠ್ಯವನ್ನೇ ಇಟ್ಟುಕೊಂಡು, ಅದರ ತಲೆಗೆ ನಾಲ್ಕು ಸಾಲು ನೀವೇ ಸೇರಿಸಿ:

ಆವೃತ್ತಿ 1
ಸಾಲು 24
ಕಾಲಂ 80
ಕರ್ಸರ್ 11 34

ಆವೃತ್ತಿಯ ಸಾಲನ್ನು ಬಿಡಬೇಡಿ, ಮುಂದಿನ ವರ್ಷ ನೀವೇ ಈ ಫಾರ್ಮ್ಯಾಟನ್ನು ಬದಲಿಸುತ್ತೀರಿ. ಓದುವಾಗ ಈಗಿನ ಟರ್ಮಿನಲ್ ಅಷ್ಟು ದೊಡ್ಡದಿದೆಯೇ ಎಂದು ಮೊದಲು ನೋಡಿ, ಇಲ್ಲದಿದ್ದರೆ ಬಿಡಿಸಲು ಹೋಗಬೇಡಿ. ಕರ್ಸರಿನ ಆ ಎರಡು ಅಂಕಿಗಳ ಪಕ್ಕದಲ್ಲಿ ಯಾವುದು ಸಾಲು, ಯಾವುದು ಕಾಲಂ ಎಂದು ಪ್ರೋಗ್ರಾಮಿನಲ್ಲಿ ಟಿಪ್ಪಣಿ ಬರೆದಿಡಿ. ಕರ್ಸಸ್‌ನಲ್ಲಿ ಸಾಲು ಮೊದಲು, ಎಣಿಕೆ ಸೊನ್ನೆಯಿಂದ. ಎಸ್ಕೇಪ್ ಸಂಕೇತದಲ್ಲಿಯೂ ಸಾಲು ಮೊದಲು, ಆದರೆ ಎಣಿಕೆ ಒಂದರಿಂದ. ವಿಸಿಎಸ್‌ಎಯಲ್ಲಿ ಕಾಲಂ ಮೊದಲು, ಸೊನ್ನೆಯಿಂದ. ಇದನ್ನು ಬೆರೆಸಿಕೊಂಡು ನಾನು ಒಂದಿಡೀ ಭಾನುವಾರ ಕಳೆದಿದ್ದೇನೆ: ಕರ್ಸರ್ ದರದ ಕಾಲಂಗೆ ಬರುವ ಬದಲು, ಪ್ರತಿ ಸಲವೂ ಒಂದು ಸಾಲು ಮೇಲಿನ ಹಮಾಲಿಯ ಕಾಲಂನಲ್ಲಿ ಕುಳಿತು ಮಿನುಗುತ್ತಿತ್ತು.