‘ಸ್ವತಂತ್ರ ರೈತ’ ಯಾರಿಂದ ಸ್ವತಂತ್ರ?

ಪ್ರಿಯರೇ,

‘ಮಧ್ಯಯುಗದ ಇಂಗ್ಲೆಂಡಿನ ಸ್ವತಂತ್ರ ರೈತರು’ ಎಂಬ ನಿಮ್ಮ ಲೇಖನ ಓದಿದೆ. ಕನ್ನಡದಲ್ಲಿ ಇಂಥ ವಿಷಯ ಹಿಡಿಯುವವರು ಕಡಿಮೆ. ಭಾಷೆ ಸಲೀಸಾಗಿದೆ. 1086ರಲ್ಲಿ ರಾಜ ಮಾಡಿಸಿದ ಡೂಮ್ಸ್‌ಡೇ ಎಂಬ ಜನ–ಜಮೀನಿನ ಲೆಕ್ಕದಲ್ಲಿ ಲಿಂಕನ್‌ಶೈರಿನ ಜನರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಸೋಕ್‌ಮನ್‌ಗಳು, ಅಂದರೆ ಸ್ವತಂತ್ರ ಹಿಡುವಳಿದಾರರು, ಎಂದು ತೋರಿಸಿದ್ದೀರಿ. ಅದೂ ಚೆನ್ನಾಗಿದೆ. ಹೊಗಳಿಕೆ ಇಷ್ಟು ಸಾಕು. ಎರಡು ದಿನದಿಂದ ನನ್ನ ನಿದ್ದೆ ಕೆಡಿಸಿರುವುದು ನಿಮ್ಮ ನಾಲ್ಕನೇ ಪ್ಯಾರಾ.

“ಸ್ವತಂತ್ರ ರೈತ ತನ್ನ ಭೂಮಿಗೆ ತಾನೇ ಒಡೆಯ. ಅವನು ಯಾರಿಗೂ ತಲೆಬಾಗಬೇಕಿರಲಿಲ್ಲ.”

ಕೇಳಲು ಚೆಂದ, ಆದರೆ ಎರಡೂ ವಾಕ್ಯ ತಪ್ಪು. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡ್ ಗೆದ್ದ ಮೇಲೆ, ಕಾನೂನಿನ ಲೆಕ್ಕದಲ್ಲಿ ಅಲ್ಲಿನ ನೆಲವೆಲ್ಲ ಕೊನೆಗೆ ರಾಜನದು. ದೊಡ್ಡ ದೊಡ್ಡ ಪ್ರಭುಗಳೂ ಅವನ ಹಿಡುವಳಿದಾರರೇ. ನಿಮ್ಮ ಸೋಕ್‌ಮನ್ ಕೂಡ ಪ್ರಭುವಿಗೆ ಗೇಣಿ ಕೊಡುತ್ತಿದ್ದ, ಪ್ರಭುವಿನ ಕೋರ್ಟಿಗೆ ಹೋಗಿ ಹಾಜರಿ ಹಾಕುತ್ತಿದ್ದ. ಕೆಲವರು ಸುಗ್ಗಿಯಲ್ಲಿ ಒಂದೆರಡು ದಿನ ಪ್ರಭುವಿನ ಹೊಲದ ಕೊಯ್ಲಿಗೂ ಹೋಗಬೇಕಿತ್ತು.

ಹಾಗಾದರೆ ಸ್ವಾತಂತ್ರ್ಯ ಎಲ್ಲಿತ್ತು? ಕೊಡಬೇಕಾದ್ದು ಎಷ್ಟು ಎಂದು ಮೊದಲೇ ಗೊತ್ತಿತ್ತಲ್ಲ, ಅಲ್ಲಿತ್ತು. 13ನೇ ಶತಮಾನದ ಬ್ರ್ಯಾಕ್ಟನ್ ಕಾನೂನು ಗ್ರಂಥ ವಿಲೆನ್‌ನನ್ನು, ಅಂದರೆ ಪ್ರಭುವಿಗೆ ಕಟ್ಟುಬಿದ್ದ ರೈತನನ್ನು, ಗುರುತಿಸುವುದೇ ಹೀಗೆ: ನಾಳೆ ಬೆಳಿಗ್ಗೆ ಏನು ಕೆಲಸ ಎಂಬುದು ಇವತ್ತು ಸಂಜೆ ಅವನಿಗೆ ಗೊತ್ತಿರುವುದಿಲ್ಲ. (ನಿಜವಾಗಿ ನೋಡಿದರೆ ಊರಿನ ರೂಢಿ ಅವನ ಕೆಲಸವನ್ನೂ ಎಷ್ಟೋ ಮಟ್ಟಿಗೆ ಗೊತ್ತುಮಾಡಿತ್ತು. ಅದು ಬೇರೆ ಮಾತು.) ಇನ್ನೊಂದು ವಿಷಯ ಕೋರ್ಟಿನದು. 1166ರ ಸುಮಾರಿಗೆ ಎರಡನೇ ಹೆನ್ರಿ ತಂದ ವ್ಯವಸ್ಥೆಯಲ್ಲಿ, ಜಮೀನಿನಿಂದ ಅನ್ಯಾಯವಾಗಿ ಹೊರಬಿದ್ದ ಸ್ವತಂತ್ರ ಹಿಡುವಳಿದಾರ ರಾಜನ ಕೋರ್ಟಿಗೇ ಹೋಗಬಹುದಿತ್ತು, ಎದುರಾಳಿ ಪ್ರಭುವೇ ಆದರೂ ಸರಿ. ವಿಲೆನ್‌ಗೆ ಆ ಬಾಗಿಲು ಮುಚ್ಚಿತ್ತು. ಪ್ರಭು ಅವನ ಜಮೀನು ಕಿತ್ತುಕೊಂಡರೆ ಅದೇ ಪ್ರಭುವಿನ ಕೋರ್ಟಿನಲ್ಲೇ ಅಳಬೇಕು. ಇದು ನಿಮ್ಮ ಲೇಖನದಲ್ಲಿ ಒಂದು ಸಾಲೂ ಇಲ್ಲ!

ಮುಂದಿನ ಸಾಲು: “ವಿಲೆನ್‌ಗಳು ಎಂಬ ಗುಲಾಮರು ಹಸಿವಿನಿಂದ ನರಳುತ್ತಿದ್ದಾಗ ಸ್ವತಂತ್ರ ರೈತ ಸುಖವಾಗಿದ್ದ.”

‘ಗುಲಾಮರು’ ಎಂದು ಸುಮ್ನೆ ಬರೆದುಬಿಟ್ಟಿರಿ. ನೀವೇ ಹೊಗಳಿದ ಡೂಮ್ಸ್‌ಡೇ ಪುಸ್ತಕ ಗುಲಾಮರನ್ನು ಬೇರೆಯೇ ಎಣಿಸಿದೆ, ನೂರಕ್ಕೆ ಸುಮಾರು ಹತ್ತು ಜನ. ವಿಲೆನ್‌ಗೆ ಬಿಟ್ಟಿ ದುಡಿಮೆ ಇತ್ತು, ಮಗಳ ಮದುವೆಗೂ ಪ್ರಭುವಿಗೆ ಕಾಣಿಕೆ ಕೊಡಬೇಕಿತ್ತು, ನಿಜ. ಆದರೆ ಅವರಲ್ಲಿ ಎಷ್ಟೋ ಜನರಿಗೆ ಹದಿನೈದು, ಮೂವತ್ತು ಎಕರೆ ಸಾಗುವಳಿ ಇತ್ತು. 1279ರ ಹಂಡ್ರೆಡ್ ರೋಲ್ಸ್ ಎಂಬ ಜಮೀನು ದಾಖಲೆ ತೆರೆದರೆ ಮೂರ‍್ನಾಲ್ಕು ಎಕರೆಯ ಸ್ವತಂತ್ರ ಹಿಡುವಳಿದಾರರು ಸಾಲುಸಾಲಾಗಿ ಸಿಗುತ್ತಾರೆ. ಸ್ವತಂತ್ರನಾದ್ದರಿಂದ ಜಮೀನು ಮಾರಬಹುದಿತ್ತು, ಮಾರಿದರು. ಕೆಂಟ್‌ನಂಥ ಕಡೆ ಗಂಡುಮಕ್ಕಳಿಗೆಲ್ಲ ಸಮಪಾಲು ಬೇರೆ, ಚೂರುಚೂರಾಯಿತು. ಸ್ವತಂತ್ರನೊಬ್ಬ ವಿಲೆನ್ ಜಮೀನನ್ನು ಅದರ ಬಿಟ್ಟಿ ಸಮೇತ ಹಿಡಿಯುವುದೂ ಇತ್ತು. ಮನುಷ್ಯ ಸ್ವತಂತ್ರ, ನೆಲ ಅಲ್ಲ. ಈ ಗೋಜಲೇ ನಿಮ್ಮ ಲೇಖನದ ಜೀವ ಆಗಬೇಕಿತ್ತು. ನೀವು ಅದನ್ನು ಬಡವ–ಬಲ್ಲಿದರ ಕಥೆ ಮಾಡಿಬಿಟ್ಟಿರಿ. (ಸಿನಿಮಾದ ವಿಲನ್ ಕೂಡ ಈ ಪದದಿಂದಲೇ ಬಂದವನು. ಇಲ್ಲಿ ಮಾತ್ರ ಅವನಿಗೆ ಆ ಪಾತ್ರವೂ ಇಲ್ಲ.)

ಇಷ್ಟು ಸಿಟ್ಟು ಯಾಕೆ ಅಂದರೆ, ಈ ತಪ್ಪು ನಾನೇ ಮಾಡಿದ್ದೆ. ಇಪ್ಪತ್ಮೂರರ ವಯಸ್ಸಿನಲ್ಲಿ ಒಂದು ವಾರಪತ್ರಿಕೆ ಸೇರಿದಾಗ ದಕ್ಷಿಣ ಕನ್ನಡದ ಚಾಲಗೇಣಿ (ಧಣಿ ಬೇಕೆಂದಾಗ ಬಿಡಿಸಬಹುದಾದ ಗೇಣಿ) ಒಕ್ಕಲುಗಳ ಬಗ್ಗೆ ಬರೆದೆ. “ಒಕ್ಕಲಿನ ಬೆವರು ಧಣಿಯ ಕಣಜ ತುಂಬಿತು” ಎಂಬ ಸಾಲು ಬರೆದು ಒಂದು ಚಹಾ ಹೆಚ್ಚಿಗೆ ಕುಡಿದಿದ್ದೆ. ಹಿರಿಯ ಸಂಪಾದಕರು ಅದರ ಪಕ್ಕ ಕೆಂಪು ಶಾಯಿಯಲ್ಲಿ ಎರಡೇ ಮಾತು ಬರೆದರು: “ಎಷ್ಟು ಮುಡಿ?” ಮುಡಿ ಅಂದರೆ ಹುಲ್ಲಿನಲ್ಲಿ ಕಟ್ಟಿದ ಅಕ್ಕಿಯ ಮೂಟೆ, ನಮ್ಮ ಕಡೆ ಅದೇ ಅಳತೆ. ನನ್ನ ಅಜ್ಜ ಗೇಣಿ ಅಕ್ಕಿ ಹೊತ್ತವರು. ಎಷ್ಟು ಮುಡಿ ಅಂತ ನನಗೆ ಗೊತ್ತಿರಲಿಲ್ಲ. ಆ ಶನಿವಾರ ಬಸ್ಸು ಹತ್ತಿ ಊರಿಗೆ ಹೋಗಿ ಅಜ್ಜಿಯನ್ನು ಕೇಳಿದೆ. ಮುಡಿಯ ಲೆಕ್ಕ ಹೇಳಿದರು. ಆಮೇಲೆ, ನಾನು ಕೇಳದೇ ಇದ್ದದ್ದನ್ನೂ ಹೇಳಿದರು: ಹಬ್ಬ ಬಂದರೆ ಧಣಿಗಳ ಮನೆಗೆ ಬಾಳೆಗೊನೆ, ಸೌತೆಕಾಯಿ ಮುಟ್ಟಿಸಬೇಕಿತ್ತಂತೆ. ಮುಂದೆ ಎಷ್ಟೋ ವರ್ಷದ ಮೇಲೆ, ಇಂಗ್ಲೆಂಡಿನ ಹಳ್ಳಿಗಳಲ್ಲಿ ಕ್ರಿಸ್‌ಮಸ್ಸಿಗೆ ಕೋಳಿ, ಈಸ್ಟರಿಗೆ ಮೊಟ್ಟೆ ಪ್ರಭುವಿನ ಮನೆಗೆ ಹೋಗುತ್ತಿತ್ತು ಎಂದು ಓದಿದಾಗ ನನಗೆ ನೆನಪಾದದ್ದು ಆ ಸೌತೆಕಾಯಿ.

ನಿಮ್ಮ ಲೇಖನದಲ್ಲಿ ಕೋಳಿಯೂ ಇಲ್ಲ, ಮೊಟ್ಟೆಯೂ ಇಲ್ಲ. ಒಂದು ಗುಲಾಬಿ ಇದೆ. ವರ್ಷಕ್ಕೊಂದು ಗುಲಾಬಿ ಕೊಟ್ಟು ಜಮೀನು ಹಿಡಿದವರಿದ್ದರು ಎಂದು ಬರೆದು, “ಎಂಥ ತಮಾಷೆ!” ಎಂದು ಮುಂದೆ ಹೋಗಿದ್ದೀರಿ. ಸ್ವಲ್ಪ ನಿಲ್ಲಿ. ಗುಲಾಬಿ ಇರಲಿ, ನಾಲ್ಕು ಪೆನ್ನಿ ಇರಲಿ, ಅದು ಏರುವಂತಿರಲಿಲ್ಲ. 13ನೇ ಶತಮಾನದಲ್ಲಿ ಧಾನ್ಯದ ಬೆಲೆ ಏರಿತು, ಹಳೆಯ ಗೇಣಿ ಮಾತ್ರ ಇದ್ದಲ್ಲೇ ಇತ್ತು. ಲಾಭ ಯಾರಿಗೆ, ಹೊಟ್ಟೆಯುರಿ ಯಾರಿಗೆ? ಅದನ್ನು ಬರೆಯಿರಿ.

ನಾಲ್ಕನೇ ಪ್ಯಾರಾ ಹೊಸದಾಗಿ ಬರೆದು ಕಳಿಸಿ. ಯಾರು, ಯಾರಿಗೆ, ಎಷ್ಟು, ಯಾವಾಗ ಎಂಬುದು ಅದರಲ್ಲಿ ಇರಲಿ. ಮಿಕ್ಕ ಪ್ಯಾರಾಗಳನ್ನು ನಾನಿನ್ನೂ ಸರಿಯಾಗಿ ನೋಡಿಲ್ಲ, ಈ ಒಂದೇ ಜಾಸ್ತಿ ಆಯಿತು.

ಹಾಂ, ಕೊನೆಯಲ್ಲಿ “ಈ ಹಿಡುವಳಿ ಪದ್ಧತಿಗೂ ನಮಗೂ ಯಾವ ಸಂಬಂಧವೂ ಇಲ್ಲ” ಎಂದಿದ್ದೀರಿ. 1668ರಲ್ಲಿ ಎರಡನೇ ಚಾರ್ಲ್ಸ್ ಮುಂಬಯಿಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟದ್ದು ಸೋಕ್‌ಮನ್‌ಗಳ ಅದೇ ಸಾಕೇಜ್, ಅಂದರೆ ಗೊತ್ತಾದ ಗೇಣಿಯ, ಹಿಡುವಳಿಯ ಹೆಸರಿನಲ್ಲಿ, ಕೆಂಟಿನ ಈಸ್ಟ್ ಗ್ರೀನಿಚ್ ಮ್ಯಾನರ್ ಎಂಬ ಜಹಗೀರಿನ ಲೆಕ್ಕಕ್ಕೆ ಸೇರಿಸಿ, ವರ್ಷಕ್ಕೆ 10 ಪೌಂಡ್ ಗೇಣಿಗೆ. ಆ ಸಾಲನ್ನು ನಾನೇ ಹೊಡೆದು ಹಾಕಿದ್ದೇನೆ.

ನಿಮ್ಮ,
ಸಂಪಾದಕ