ಗೊರವಂಕವನ್ನು ಕಳೆದುಕೊಂಡ ಸಿಂಧನೂರಿನ ಅಕ್ಕನಿಗೆ

ಅಕ್ಕಾ, ನಿಮ್ಮ ಕೈಯಿಂದಲೇ ಶೇಂಗಾ ಒಯ್ಯುತ್ತಿದ್ದ ಗೊರವಂಕ ಬೇವಿನ ಬುಡದಲ್ಲಿ ಸತ್ತು ಬಿದ್ದಿತ್ತು, ಪಂಜರದಲ್ಲಿಟ್ಟು ಸಾಕಬೇಕಿತ್ತೇ ಎಂದು ಕೇಳಿದ್ದೀರಿ. ಖಂಡಿತ ಬೇಡವಾಗಿತ್ತು. ಕಾಲುವೆ ಕೆಳಗಿನ ಗದ್ದೆಗಳಲ್ಲಿ ಎತ್ತು, ಟ್ರ್ಯಾಕ್ಟರುಗಳ ಹಿಂದೆ ಹುಳ ಹೆಕ್ಕುತ್ತಾ ಜೋಡಿಯಾಗಿ ತಿರುಗುವ ಹಕ್ಕಿ ಅದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರವೂ ಅದನ್ನು ಕೂಡಿಹಾಕುವಂತಿಲ್ಲ. ಹಾರಿಹೋಗಲು ಇಡೀ ಆಕಾಶವಿದ್ದೂ ಆ ಹಳದಿ ಕೊಕ್ಕು ನಿಮ್ಮ ಅಂಗೈಗೆ ಬಂತಲ್ಲ, ಅದು ಪಂಜರದ ಹಕ್ಕಿಯಿಂದ ಸಿಗುವ ಪ್ರೀತಿಯಲ್ಲ.

‘ಒಂದು ಹಕ್ಕಿಗೆ ಇಷ್ಟು ಅಳುವುದೇ’ ಎನ್ನುವವರಿಗೆ ಕಿವಿಗೊಡಬೇಡಿ. ಅಳು ಬಂದರೆ ಅತ್ತುಬಿಡಿ.

ಈಗ ಗೋಡೆಯ ಮೇಲೆ ಕೂತು ಕೂಗುವ ಇನ್ನೊಂದು ಅದರ ಜೋಡಿಯೇ ಇರಬಹುದು. ಗಂಡು ಹೆಣ್ಣು ನೋಡಲು ಒಂದೇ ತೆರನಾಗಿರುತ್ತವೆ. ಅದಕ್ಕಾದರೂ ನೀರಿಡುವುದನ್ನು ನಿಲ್ಲಿಸಬೇಡಿ. ನಮ್ಮ ರಾಯಚೂರು ಸೀಮೆಯ ಮೇ ಬಿಸಿಲು 40 ಡಿಗ್ರಿ ದಾಟುತ್ತದೆ. ಹಕ್ಕಿಗಳು ಬೆವರುವುದಿಲ್ಲ, ಕೊಕ್ಕು ತೆರೆದು ಏದುಸಿರು ಬಿಡುತ್ತವೆ. ಅಗಲವಾದ ಮಣ್ಣಿನ ತಟ್ಟೆಯಲ್ಲಿ ಎರಡು ಬೆರಳು ನೀರು ಹಾಕಿ ನೆರಳಿನಲ್ಲಿಡಿ, ದಿನವೂ ಬದಲಿಸಿ. ಸಾವಿಗೆ ರೋಗವೂ ಕಾರಣವಿರಬಹುದಾದ್ದರಿಂದ ಹಳೆಯ ತಟ್ಟೆಯನ್ನು ಸೋಪು, ಬಿಸಿನೀರಿನಿಂದ ಚೆನ್ನಾಗಿ ತಿಕ್ಕಿ ಬಿಸಿಲಿಗೆ ಒಣಗಿಸಿ. ಉಪ್ಪು ಹಾಕಿದ ಶೇಂಗಾ ಮಾತ್ರ ಕೊಡಬೇಡಿ.