ಕಲ್ಪಿತ ದೇಶದ ಪಕ್ಷಕ್ಕೆ ಮತ ಹಾಕುವವರು ಯಾರು?

ಪ್ರಶ್ನೆ: ಯುದ್ಧದಲ್ಲಿ ಸೋತು ಉತ್ತರದ ಪ್ರಾಂತ್ಯವೊಂದನ್ನು ಕಳೆದುಕೊಂಡ, ಅರಸೊತ್ತಿಗೆ ಅಳಿದು ಗಣರಾಜ್ಯವಾದ ಕಲ್ಪಿತ ದೇಶವೊಂದನ್ನು ಕುರಿತು ಕಾದಂಬರಿ ಬರೆಯುತ್ತಿದ್ದೇನೆ. ಅಲ್ಲಿನ ಸಂಪ್ರದಾಯವಾದಿ ರಾಷ್ಟ್ರೀಯವಾದಿ ಪಕ್ಷಕ್ಕೆ ಬಾವುಟ, ಘೋಷಣೆ, ಪ್ರಣಾಳಿಕೆ ಎಲ್ಲವನ್ನೂ ರೂಪಿಸಿದ್ದೇನೆ. ಆದರೂ ಕರಡು ಓದಿದ ಗೆಳೆಯರು, ಅದು ಪಕ್ಷವಲ್ಲ, ಬರೀ ಖಳನಾಯಕರ ಗುಂಪು ಎನ್ನುತ್ತಾರೆ. ಕೊರತೆ ಎಲ್ಲಿದೆ?

ಉತ್ತರ: ನಿಮ್ಮ ಪತ್ರದಲ್ಲಿ ಆ ಪಕ್ಷಕ್ಕೆ ಮತ ಹಾಕುವವರು ಯಾರೆಂಬ ಮಾತೇ ಇಲ್ಲ. ಬಾವುಟ, ಘೋಷಣೆಗಳಿಗಿಂತ ಮೊದಲು ಅದನ್ನು ತೀರ್ಮಾನಿಸಿಕೊಳ್ಳಬೇಕು. ಸಂಪ್ರದಾಯವಾದಿಗೆ ಬೇಕಾದದ್ದು ಹಳೆಯ ಸಂಸ್ಥೆಗಳ, ಅಂದರೆ ಸಿಂಹಾಸನ, ಚರ್ಚು, ಜಮೀನು, ಅಧಿಕಾರಿವರ್ಗಗಳ ಉಳಿವು. ರಾಷ್ಟ್ರೀಯವಾದಿಗೆ ಬೇಕಾದದ್ದು ಒಂದಾದ ಜನ ಮತ್ತು ಮರಳಿ ಪಡೆದ ಗಡಿ. ಇವೆರಡೂ ವಿರೋಧ ಪಕ್ಷದ ಸಾಲಿನಲ್ಲಿ ಕುಳಿತಿರುವವರೆಗೆ ಚೆನ್ನಾಗಿ ಹೊಂದಿಕೊಂಡಿರುತ್ತವೆ. ಅಧಿಕಾರ ಹತ್ತಿರ ಬಂದಾಗ ಒಳಜಗಳ ಶುರುವಾಗುತ್ತದೆ.

ನಿಮ್ಮ ಕಥೆಗೆ ಬಹಳ ಸಮೀಪದ ಉದಾಹರಣೆಯೆಂದರೆ 1918ರ ನವೆಂಬರಿನಲ್ಲಿ, ಜರ್ಮನಿಯ ಚಕ್ರವರ್ತಿ ಕೈಸರ್ ಪದಚ್ಯುತನಾದ ಬೆನ್ನಲ್ಲೇ ಹುಟ್ಟಿದ ಜರ್ಮನ್ ರಾಷ್ಟ್ರೀಯ ಜನತಾ ಪಕ್ಷ. ಎಲ್ಬ್ ನದಿಯ ಪೂರ್ವದ ದೊಡ್ಡ ಜಮೀನ್ದಾರರು, ಪ್ರೊಟೆಸ್ಟಂಟ್ ಪಾದ್ರಿಗಳು, ಹಳೆಯ ಅಧಿಕಾರಿಗಳು, ಭಾರೀ ಉದ್ಯಮದ ಒಡೆಯರು ಅದರ ಆಧಾರವಾಗಿದ್ದರು. ಯುದ್ಧದಲ್ಲಿ ಸೋತ ಜರ್ಮನಿ ಗೆದ್ದವರಿಗೆ ಕೊಡಬೇಕಿದ್ದ ಪರಿಹಾರದ ಕಂತುಗಳನ್ನು ಹೊಸದಾಗಿ ಗೊತ್ತುಪಡಿಸಿದ ಡಾಸ್ ಯೋಜನೆಯನ್ನು ಚುನಾವಣೆಯಲ್ಲಿ ಉಗ್ರವಾಗಿ ಖಂಡಿಸಿದ ಈ ಪಕ್ಷದ ಸಂಸತ್ ಸದಸ್ಯರಲ್ಲಿ ಸುಮಾರು ಅರ್ಧದಷ್ಟು ಜನ 1924ರ ಆಗಸ್ಟಿನಲ್ಲಿ ಅದರ ಪರವಾಗಿಯೇ ಮತ ಹಾಕಿದರು, ಏಕೆಂದರೆ ಯೋಜನೆಯ ಜೊತೆಗೆ ಅಮೆರಿಕದ ಸಾಲ ಬರುವುದಿತ್ತು ಮತ್ತು ಸಚಿವ ಸಂಪುಟದ ಬಾಗಿಲೂ ತೆರೆಯುವುದಿತ್ತು. ಆ ವರ್ಷದ ಡಿಸೆಂಬರಿನಲ್ಲಿ 103 ಸ್ಥಾನ ಗೆದ್ದು, 1925ರಲ್ಲಿ ಸರ್ಕಾರ ಸೇರಿ, ರೈತರಿಗೆ ಬೇಕಿದ್ದ ಆಮದು ಸುಂಕವನ್ನು ದೊರಕಿಸಿಕೊಟ್ಟರು. ಇನ್ನೂ ಗಮನಾರ್ಹವಾದದ್ದು 1927ರ ಘಟನೆ: ಅರಸೊತ್ತಿಗೆಯ ಮರುಸ್ಥಾಪನೆಯನ್ನೇ ಗುರಿಯೆಂದು ಹೇಳಿಕೊಂಡಿದ್ದವರು, ಕೈಸರ್ ಮರಳಿ ಬರದಂತೆ ತಡೆಯುವ ಗಣರಾಜ್ಯ ರಕ್ಷಣಾ ಕಾಯ್ದೆಯ ವಿಸ್ತರಣೆಗೆ ಸಮ್ಮತಿಸಿದರು. ಹೀಗೆ ಕೈಯೆತ್ತಿದವರೆಲ್ಲ ಕಪಟಿಗಳೆಂದು ನಾನು ಹೇಳಲಾರೆ. ಅವರಲ್ಲಿ ಒಬ್ಬನ ಮನಸ್ಸಿನೊಳಗೆ ಇಳಿಯಲು ಸಾಧ್ಯವಾದರೆ ನಿಮ್ಮ ಕಾದಂಬರಿಗೆ ಅದಕ್ಕಿಂತ ಒಳ್ಳೆಯ ಪಾತ್ರ ಬೇಕಿಲ್ಲ.

1928ರಲ್ಲಿ ಪಕ್ಷ 73 ಸ್ಥಾನಕ್ಕೆ ಇಳಿದಾಗ, ಪತ್ರಿಕೆಗಳ ಮತ್ತು ಚಲನಚಿತ್ರ ಕಂಪನಿಯ ಒಡೆಯ ಆಲ್ಫ್ರೆಡ್ ಹ್ಯೂಗೆನ್‌ಬರ್ಗ್ ನಾಯಕತ್ವ ಹಿಡಿದು, ರಾಜಿಯೇ ಸೋಲಿಗೆ ಕಾರಣವೆಂದು ಸಾರಿದ. ಮಿತವಾದಿಗಳು ಹೊರನಡೆದರು, 1930ರಲ್ಲಿ ಉಳಿದದ್ದು 41 ಸ್ಥಾನ. ತನಗಿಂತ ಉಗ್ರರಾದವರನ್ನು ಹತೋಟಿಯಲ್ಲಿಡಬಹುದೆಂದು ನಂಬಿ ಅವನು 1933ರ ಜನವರಿಯಲ್ಲಿ ಹಿಟ್ಲರನ ಸಂಪುಟ ಸೇರಿದ. ಜೂನ್ ಮುಗಿಯುವುದರೊಳಗೆ ಅವನ ಪಕ್ಷವೇ ಇರಲಿಲ್ಲ.

ಇಂಥ ಪಕ್ಷವೆಂದರೆ ಉಳ್ಳವರ ಪಕ್ಷವೇ ಆಗಿರಬೇಕೆಂದಿಲ್ಲ. ಪೋಲೆಂಡಿನ ಕಾನೂನು ಮತ್ತು ನ್ಯಾಯ ಪಕ್ಷ 2016ರಲ್ಲಿ ಎರಡನೆಯ ಮಗುವಿನಿಂದ ಆರಂಭಿಸಿ ಪ್ರತಿ ಮಗುವಿಗೂ ತಿಂಗಳಿಗೆ 500 ಜ್ಲಾಟಿ (ಪೋಲೆಂಡಿನ ಹಣ) ಕೊಡತೊಡಗಿತು. ಚರ್ಚಿನ ಮಾತು, ದೇಶದ ಮಾತುಗಳ ಜೊತೆಗೆ ಮನೆಗೆ ತಲುಪುವ ಈ ಹಣವೂ ಇತ್ತೆಂಬುದನ್ನು ಮರೆತರೆ ಅದರ ಮತದಾರ ಅರ್ಥವಾಗುವುದಿಲ್ಲ.

ಆದ್ದರಿಂದ ನಿಮ್ಮ ಉತ್ತರದ ಪ್ರಾಂತ್ಯಕ್ಕೇ ಮರಳಿ. ಅಲ್ಲಿಂದ ಓಡಿ ಬಂದ ನಿರಾಶ್ರಿತನಿಗೆ ಮೊದಲು ಬೇಕಾದದ್ದು ಮನೆ, ಕೆಲಸ, ಕಳೆದುಕೊಂಡ ಜಮೀನಿಗೆ ಪರಿಹಾರ. ರಾಜಧಾನಿಯ ಭಾಷಣಕಾರನಿಗೆ ಬೇಕಾದದ್ದು ನಕ್ಷೆಯ ಮೇಲಿನ ಗೆರೆ. ಗಡಿಯನ್ನು ಒಪ್ಪಿಕೊಂಡರೆ ಪರಿಹಾರದ ಹಣ ಸಿಗುತ್ತದೆಂಬ ಒಪ್ಪಂದವೊಂದು ಸಂಸತ್ತಿಗೆ ಬರಲಿ, ಹಿಂದಿನ ರಾತ್ರಿ ಪಕ್ಷದ ಸಭೆ ಸೇರಲಿ, ಈ ಇಬ್ಬರೂ ಅಲ್ಲಿರಲಿ. ಆ ಅಧ್ಯಾಯವನ್ನು ಮೊದಲು ಬರೆಯಿರಿ. ಪ್ರಣಾಳಿಕೆಯಲ್ಲಿ ಯಾವ ಸಾಲು ಉಳಿಯಬೇಕು, ಯಾವುದು ಹೋಗಬೇಕು ಎಂಬುದು ಅದರಿಂದಲೇ ನಿಮಗೆ ಗೊತ್ತಾಗುತ್ತದೆ.